ಕುಂಗ್ ಬರೆದ ಪತ್ರ

ಮೊದಲ ಐದು ವರ್ಷ ಅವಳು ಬರೀ ಕುಂಗ್ ಆಗಿದ್ದಳು. ಥಾಯಿ ನಾಡಿನ ರಂಗ್‌ಸಿತ್‌ನ ಆ ಕಾರ್ಖಾನೆಯ ರಫ್ತು ವಿಭಾಗದಲ್ಲಿ ಯಾರು "ಕುಂಗ್" ಎಂದು ಕೂಗಿದರೂ ತಲೆ ಎತ್ತುವವಳು ಅವಳೊಬ್ಬಳೇ. ಆಮೇಲೆ ಇನ್ನೊಬ್ಬ ಕುಂಗ್ ಕೆಲಸಕ್ಕೆ ಸೇರಿದಳು. ಅವತ್ತು ಮಧ್ಯಾಹ್ನದೊಳಗೆ, ಇವಳನ್ನು ಒಂದು ಮಾತೂ ಕೇಳದೆ, ಆಫೀಸು ಇವಳನ್ನು ಕುಂಗ್ ಯಾಯ್ ಮಾಡಿತು, ಅಂದರೆ ದೊಡ್ಡ ಕುಂಗ್. ಹೊಸಬಳು ಕುಂಗ್ ಲೆಕ್, ಚಿಕ್ಕ ಕುಂಗ್. ಕುಂಗ್ ಎಂದರೆ ಸೀಗಡಿ. ದೊಡ್ಡ ಸೀಗಡಿ, ಚಿಕ್ಕ ಸೀಗಡಿ ಎಂದು ಪ್ಯಾಕಿಂಗ್ ವಿಭಾಗದವರು ವಾರವಿಡೀ ನಕ್ಕರು.

ಅದನ್ನೂ ಯಾಯ್ ಸಹಿಸಿದಳು. ಹಿರಿಯಳು ಎನ್ನುವ ಗೌರವವಾದರೂ ಆ ಹೆಸರಿನಲ್ಲಿತ್ತು. ಈಗ ಒಂಬತ್ತು ವರ್ಷದ ಮೇಲೆ ಬೇರೆಯೇ ಒಂದು ನಡೆದಿತ್ತು. ಜನ ಬರೀ "ಕುಂಗ್" ಎಂದರೆ ಅದು ಲೆಕ್. ಇವಳು ಬೇಕಾದರೆ ಮಾತ್ರ "ಯಾಯ್" ಎಂದು ಬಾಲ ಸೇರಿಸುತ್ತಿದ್ದರು. ಯಾವ ದಿನದಿಂದ ಹಾಗಾಯಿತೆಂದು ಅವಳಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ದಿನವನ್ನು ಮರೆಯುತ್ತಿರಲಿಲ್ಲ.

ಮಂಗಳವಾರ ಬೆಳಗಿನ ಸಭೆಯಲ್ಲಿ ಕಾರ್ಖಾನೆಯ ಮ್ಯಾನೇಜರ್ ಖುನ್ ಪ್ರಸಾನ್ ಒಂದು ಪತ್ರ ಓದಿದ. ಫ್ರಿಜ್ ಬಾಗಿಲಿಗೆ ಹಾಕುವ ರಬ್ಬರ್ ಪಟ್ಟಿಗಳನ್ನು ಇವರಿಂದ ಇಪ್ಪತ್ತು ವರ್ಷ ಕೊಂಡ ಜಪಾನಿನ ಮೋರಿವಾಕಿ-ಸಾನ್ ನಿವೃತ್ತನಾಗುತ್ತಿದ್ದ. ಪತ್ರ ಅವನದು. ಇವರ ಖುನ್, ಅವರ ಸಾನ್, ಎರಡೂ ಹೆಸರಿಗೆ ಸೇರಿಸುವ ಗೌರವ.

"'ಪ್ರವಾಹದ ವರ್ಷ ನಮ್ಮ ಕಂಪನಿ ಆರ್ಡರನ್ನು ವಿಯೆಟ್ನಾಮಿಗೆ ಕೊಡಲು ತೀರ್ಮಾನಿಸಿತ್ತು. ಸಹಿ ಹಾಕಬೇಕಿದ್ದವನು ನಾನು. ಅವತ್ತು ಬೆಳಿಗ್ಗೆ ಕುಂಗ್-ಸಾನ್ ಅವರಿಂದ ಒಂದು ಪತ್ರ ಬಂತು. ಓದಿದ ಮೇಲೆ ನಾನು ಸಹಿ ಹಾಕಲಿಲ್ಲ.'" ಪ್ರಸಾನ್ ಕನ್ನಡಕ ತೆಗೆದ. "ಕೇಳಿದ್ರಾ? ಒಂದು ಪತ್ರ. ನಾವೆಲ್ಲ ಇವತ್ತು ಇಲ್ಲಿ ಕೂತಿರೋದು ಒಂದು ಪತ್ರದಿಂದ."

ಹನ್ನೆರಡು ತಲೆಗಳು ಲೆಕ್ ಕಡೆ ತಿರುಗಿದವು. ಯಾರೋ ಚಪ್ಪಾಳೆ ಶುರು ಮಾಡಿದರು. ಲೆಕ್ ಕಿವಿಯವರೆಗೂ ಕೆಂಪಾಗಿ ಎರಡೂ ಕೈ ಜೋಡಿಸಿ ತಲೆ ಬಾಗಿಸಿದಳು. "ಅಯ್ಯೋ ಬಿಡಿ, ಎಷ್ಟು ಹಳೇ ಮಾತು," ಎಂದಳು.

"ರಫ್ತು ವಿಭಾಗಕ್ಕೆ ಯಾರು ಮುಖ್ಯಸ್ಥರು ಅಂತ ಶುಕ್ರವಾರ ಹೇಳ್ತೀನಿ," ಎಂದ ಪ್ರಸಾನ್, ಲೆಕ್‌ಳನ್ನೇ ನೋಡುತ್ತ.

ಯಾಯ್ ಸಹ ಚಪ್ಪಾಳೆ ತಟ್ಟಿದಳು. ತಟ್ಟುತ್ತಲೇ ಲೆಕ್ಕ ಹಾಕಿದಳು. ಪ್ರವಾಹದ ವರ್ಷ ಮೋರಿವಾಕಿ ಯಾರ ಗಿರಾಕಿ? ತನ್ನವನು. ಲೆಕ್ ಆಗಿನ್ನೂ ವರ್ಷ ತುಂಬದ ಸಹಾಯಕಿ, ಲೇಬಲ್ ಅಂಟಿಸುವವಳು. ಮೋರಿವಾಕಿಗೆ ಆ ವರ್ಷ ಹೋದ ಪ್ರತಿ ಪತ್ರ ತನ್ನ ಕಂಪ್ಯೂಟರಿನಿಂದ ಹೋದದ್ದು. ಹಾಗಾದರೆ ಈ ಕುಂಗ್-ಸಾನ್ ಯಾರು?

ಎದ್ದು ನಿಂತು "ಅದು ನಾನು" ಎನ್ನುವ ಪದ್ಧತಿ ಅವರಲ್ಲಿರಲಿಲ್ಲ. ಹಾಗೆ ಹೇಳಿದವರ ಮುಖವನ್ನು ಜನ ಆಮೇಲೆ ಒಂದು ತಿಂಗಳು ಸರಿಯಾಗಿ ನೋಡುವುದಿಲ್ಲ. ಪತ್ರವೇ ಮಾತಾಡಬೇಕು. ಅದನ್ನು ಹುಡುಕಿ ತೆಗೆಯಬೇಕು.

ಊಟದ ಹೊತ್ತಿಗೆ ಎಲ್ಲರೂ ಕ್ಯಾಂಟೀನಿಗೆ ಹೋದರು. ಯಾಯ್ ಇಡೀ ವಿಭಾಗದ ಪತ್ರಗಳು ಬಂದು ಬೀಳುವ ಮೇಲ್ ತೆರೆದು ಹುಡುಕುವ ಪೆಟ್ಟಿಗೆಯಲ್ಲಿ "ಕುಂಗ್" ಎಂದು ಹೊಡೆದಳು. ನಾಲ್ಕು ಸಾವಿರದ ಮುನ್ನೂರು ಪತ್ರಗಳು ಬಿದ್ದವು. ಇಬ್ಬರೂ ಕೆಳಗೆ ಸಹಿ ಮಾಡುವುದು ಕುಂಗ್ ಎಂದೇ. ಮೊದಲ ಪುಟ ಪೂರ್ತಿ ಲೆಕ್‌ಗೆ ಬಂದ ಶುಭಾಶಯ, ಲೆಕ್‌ಗೆ ಬಂದ ಧನ್ಯವಾದ, ಲೆಕ್‌ಳ ಹುಟ್ಟುಹಬ್ಬಕ್ಕೆ ಒಸಾಕಾದಿಂದ ಬಂದ ಬೆಕ್ಕಿನ ಚಿತ್ರ. ತನ್ನ ಹುಟ್ಟುಹಬ್ಬ ಅದೇ ತಿಂಗಳು. ಒಸಾಕಾಗೆ ಅದು ಗೊತ್ತಿರಲಿಲ್ಲ.

ಕಳಿಸಿದವರ ಜಾಗದಲ್ಲಿ ಕರೆಯುವ ಹೆಸರು ಬಿಟ್ಟು ತನ್ನ ದಾಖಲೆಯ ಹೆಸರು ಹಾಕಿದಳು: ನಟ್ಟನಿಚಾ. ಹಳೆಯದು ಮೇಲೆ ಬರುವಂತೆ ಪಟ್ಟಿ ತಿರುಗಿಸಿದಳು. ಎಲ್ಲಕ್ಕಿಂತ ಹಳೆಯ ಪತ್ರವೇ ಪ್ರವಾಹ ಕಳೆದು ಐದು ತಿಂಗಳ ಮೇಲಿನದು. ಅದರ ಹಿಂದೆ ಏನೂ ಇಲ್ಲ.

ಕಂಪ್ಯೂಟರ್ ವಿಭಾಗದ ಪಿ ದಮ್‌ಗೆ ಫೋನ್ ಮಾಡಿದಳು. ಅವನಿಗೆ ಐವತ್ತು ದಾಟಿತ್ತು, ಅದಕ್ಕೇ ಎಲ್ಲರ ಬಾಯಲ್ಲೂ ಪಿ, ಅಣ್ಣ. ಹೆಂಗಸಾದರೆ ಅದೇ ಪಿ ಅಕ್ಕ. ಅವನು ಬಾಯಲ್ಲಿ ಅನ್ನ ಇಟ್ಟುಕೊಂಡೇ ಮಾತಾಡಿದ.

"ಪಿ ದಮ್, ಹಳೇ ಮೇಲ್‌ಗಳು ಹಾಳಾಗಿವೆ."

"ಮೇಲ್ ಹಾಳಾಗಲ್ಲ, ಮನುಷ್ಯರು ಹಾಳಾಗ್ತಾರೆ. ಏನು, ಹಳೇ ಪ್ರೇಮಪತ್ರ ಹುಡುಕ್ತಿದ್ದೀಯಾ?"

"ಪ್ರವಾಹದ ವರ್ಷದ್ದು ಒಂದು ಬೇಕಿತ್ತು."

"ನೀನು ಇನ್‌ಬಾಕ್ಸಲ್ಲೇ ಕೂತು ಹುಡುಕ್ತಿರ್ತೀಯ. ಎಡಗಡೆ ಕೆಳಗೆ 'ಹಳೆಯ ಪತ್ರಗಳು' ಅಂತ ಫೋಲ್ಡರ್ ಇದೆ ನೋಡು. ಅದನ್ನ ಒತ್ತಿ ಆಮೇಲೆ ಹುಡುಕು. ಇಲ್ದಿದ್ರೆ ಅದು ನೀನು ನಿಂತಿರೋ ಕೋಣೆ ಮಾತ್ರ ನೋಡುತ್ತೆ."

ಒತ್ತಿದಳು. ನಟ್ಟನಿಚಾ. ಒಂದೂ ಇಲ್ಲ.

"ಇಲ್ಲ, ಪಿ. ಒಂದೂ ಇಲ್ಲ."

"ಯಾವ ಹೆಸರು ಹಾಕ್ದೆ?"

"ನನ್ನ ಹೆಸರು."

ಆ ಕಡೆ ಚಮಚ ತಟ್ಟೆಗೆ ತಾಗಿದ ಸದ್ದು. "ಅಮ್ಮಾ ತಾಯಿ, ಪ್ರವಾಹದ ವರ್ಷ ನಿನ್ನ ಹೆಸರು ನಟ್ಟನಿಚಾ ಆಗಿತ್ತಾ? ನಿನಗೆ ಹೊಸ ಅಕೌಂಟ್ ಮಾಡ್ಕೊಟ್ಟವನು ನಾನೇ ಅಲ್ವಾ! ಹೆಸರು ಬದಲಾಯಿಸಿದವಳೇ ಮರೆತರೆ ಕಂಪ್ಯೂಟರ್ ಏನು ಮಾಡುತ್ತೆ?"

ಅವಳು ಫೋನ್ ಇಟ್ಟಳು. ಮನೆ ಮುಳುಗಿ, ಗಂಡ ಬಿಟ್ಟು ಹೋಗಿ, ಎರಡೂ ಒಂದೇ ವರ್ಷ ಆದಾಗ ಅಮ್ಮ ಅವಳನ್ನು ಕೊರಾಟ್‌ನ ಒಬ್ಬ ಭಿಕ್ಷುವಿನ ಹತ್ತಿರ ಕರೆದುಕೊಂಡು ಹೋಗಿದ್ದಳು. ಶುಕ್ರವಾರ ಹುಟ್ಟಿದವಳ ಹೆಸರಿನಲ್ಲಿ ಯ, ರ, ಲ, ವ ಬರಬಾರದು ಎಂದ ಭಿಕ್ಷು, ಹೆಸರು ಕೇಳಿ ಕಣ್ಣು ಮುಚ್ಚಿಕೊಂಡುಬಿಟ್ಟ. ವಿಲೈವಾನ್. ತಡೆದುಕೊಂಡು ಬದುಕಿದ್ದೇ ಹೆಚ್ಚು ಎಂದ. ಹೊಸ ಹೆಸರನ್ನು ಅವನೇ ಬರೆದುಕೊಟ್ಟ. ಅದರಿಂದ ಏನು ಬದಲಾಯಿತೋ, ಇವತ್ತಿನವರೆಗೆ ಅವಳಿಗೆ ತಿಳಿದಿರಲಿಲ್ಲ.

ವಿಲೈವಾನ್ ಎಂದು ಹೊಡೆದಳು. ಆರು ವರ್ಷದ ಪತ್ರಗಳು ದಡದಡನೆ ಬಂದವು. ಯಾರಿಗೆ ಎನ್ನುವಲ್ಲಿ ಮೋರಿವಾಕಿ ಎಂದು ಸೇರಿಸಿದಳು. ಇನ್ನೂರ ಹತ್ತು. ತಾರೀಖಿನ ಜಾಗದಲ್ಲಿ ಅಕ್ಟೋಬರ್ ಒಂದರಿಂದ ನವೆಂಬರ್ ಕೊನೆಯವರೆಗೆ ಎಂದು ಹಾಕಿದಳು. ಹದಿನಾಲ್ಕು. ಹದಿನಾಲ್ಕರಲ್ಲಿ ಅಕ್ಟೋಬರ್ ಇಪ್ಪತ್ತೇಳರದ್ದು ಒಂದು. ವಿಷಯದ ಜಾಗದಲ್ಲಿ "ದಯವಿಟ್ಟು ಹೋಗಬೇಡಿ" ಎಂದಿತ್ತು.

ಕಳಿಸಿದವರು: ವಿಲೈವಾನ್. ಅವಳು ಕುರ್ಚಿಯಲ್ಲಿ ನೆಟ್ಟಗಾದಳು. ಎಂಟು ವರ್ಷ ಹಿಂದಿನ ಕೆಟ್ಟ ಅಕ್ಷರಗಳ ಹೆಸರು ಪರದೆಯ ಮೇಲೆ ದಪ್ಪಗೆ ಕೂತಿತ್ತು, ಯಾರೂ ಅಲ್ಲವೆನ್ನಲಾಗದ ಹಾಗೆ. ಪತ್ರ ತೆರೆದಳು.

"ಮೋರಿವಾಕಿ-ಸಾನ್, ಕೆಳಗಿನ ಅಂತಸ್ತಿನಲ್ಲಿ ನೀರು ಎರಡು ಮೀಟರ್ ಇದೆ. ಯಂತ್ರಗಳು ಮುಳುಗಿವೆ. ಆದರೆ ನಿಮ್ಮ ಅಚ್ಚುಗಳು ಮುಳುಗಿಲ್ಲ. ನೀರು ಬರುವ ಹಿಂದಿನ ದಿನ ಎಲ್ಲರೂ ಸೇರಿ ಮಹಡಿಗೆ ಹೊತ್ತೆವು. ಇವತ್ತು ನಾನು ದೋಣಿಯಲ್ಲಿ ಬಂದು ಒಂದೊಂದನ್ನೂ ಎಣಿಸಿದೆ. ಇನ್ನೂರ ಹನ್ನೆರಡು ಇವೆ. ನೀರು ಇಳಿದ ಮೇಲೆ ನಲವತ್ತೈದು ದಿನ ಕೊಡಿ. ಮ್ಯಾನೇಜರ್ ಕುರ್ಚಿಯ ಮೇಲೆ ಒಂದು ಹಾವು ಮಲಗಿದೆ. ನಾನು ಎಬ್ಬಿಸಲಿಲ್ಲ. ಇವತ್ತು ಕೆಲಸಕ್ಕೆ ಬಂದವರು ನಾವಿಬ್ಬರೇ. 555. ಕುಂಗ್."

ಹಾವಿನವರೆಗೆ ಓದುವಾಗ ಅವಳ ಎದೆ ಉಬ್ಬಿತ್ತು. ಎಷ್ಟು ಚೆನ್ನಾಗಿ ಬರೆದಿದ್ದೇನೆ ಎಂದುಕೊಂಡಳು. ಆಮೇಲೆ ಆ ಮೂರು ಐದುಗಳು ಕಣ್ಣಿಗೆ ಬಿದ್ದವು.

ಥಾಯಿಯಲ್ಲಿ ಐದಕ್ಕೆ ಹಾ ಎನ್ನುತ್ತಾರೆ. 555 ಎಂದರೆ ಹಾ ಹಾ ಹಾ. ಫೋನಿನಲ್ಲಿ ಗೆಳತಿಯರಿಗೆ ಬರೆಯುವ ನಗು ಅದು. ಗಿರಾಕಿಗೆ, ಅದೂ ಜಪಾನಿನವರಿಗೆ, ಯಾಯ್ ಎಂದಾದರೂ ಅದನ್ನು ಬರೆದದ್ದುಂಟೇ? ಇಡೀ ಆಫೀಸಿನಲ್ಲಿ ಹಾಗೆ ಕೈ ತಪ್ಪಿ ಬರೆಯುವವಳು ಒಬ್ಬಳೇ.

ಅಕ್ಟೋಬರ್ ಇಪ್ಪತ್ತೇಳು. ಆ ದಿನ ಅವಳು ಕೊರಾಟ್‌ನಲ್ಲಿ ಅಮ್ಮನ ಮನೆಯಲ್ಲಿದ್ದಳು. ಲೆಕ್ ಕೂರುತ್ತಿದ್ದ ಕೆಳಗಿನ ಅಂತಸ್ತಿನ ಕಂಪ್ಯೂಟರ್ ಮುಳುಗಿತ್ತು. ಮೇಲೆ ಒದ್ದೆಯಾಗದೆ ಉಳಿದು ಜನರೇಟರಿನಲ್ಲಿ ನಡೆಯುತ್ತಿದ್ದದ್ದು ಯಾಯ್‌ಳ ಕಂಪ್ಯೂಟರ್. ಅದರ ಪಾಸ್‌ವರ್ಡ್ ಪರದೆಯ ಮೂಲೆಗೆ ಹಳದಿ ಚೀಟಿಯಲ್ಲಿ ಅಂಟಿಸಿತ್ತು.

ಅದರ ಕೆಳಗೆ ಮೋರಿವಾಕಿಯ ಉತ್ತರ: "ಪತ್ರಕ್ಕೆ ಧನ್ಯವಾದ. ಯೋಚಿಸುತ್ತೇನೆ. 555 ಎಂದರೇನು? ಅಚ್ಚುಗಳು ಇನ್ನೂರ ಹನ್ನೆರಡೋ ಐನೂರ ಐವತ್ತೈದೋ?" ಅದರ ಕೆಳಗೆ ಹನ್ನೆರಡು ದಿನ ಬಿಟ್ಟು ಹೋದ ಇನ್ನೊಂದು: "ಕ್ಷಮಿಸಿ. 555 ತಪ್ಪಾಗಿ ಬೆರಳು ತಾಗಿ ಬಂದದ್ದು. ದಯವಿಟ್ಟು ಲಕ್ಷಿಸಬೇಡಿ. ವಿಲೈವಾನ್."

ಅದು ನಿಜವಾಗಿ ಅವಳೇ ಬರೆದದ್ದು. ಊರಿಂದ ಬಂದ ದಿನವೇ ಬರೆದದ್ದು. ಲೆಕ್‌ಳನ್ನು ಕರೆದು ನಿಲ್ಲಿಸಿ ಬೈದದ್ದೂ ನೆನಪಾಯಿತು. ಲೆಕ್ ನಾಲಿಗೆ ಕಚ್ಚಿಕೊಂಡು ಕೈ ಮುಗಿದಿದ್ದಳು. ಇದೆಲ್ಲ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಇವತ್ತು ಬೆಳಿಗ್ಗೆ ಗೊತ್ತಿರಲಿಲ್ಲ.

"ಪಿ ಕುಂಗ್! ಊಟಕ್ಕೆ ಬರ್ಲೇ ಇಲ್ಲ?"

ಯಾಯ್ ಪರದೆಯ ಮೇಲಿನ ಪತ್ರ ಮುಚ್ಚುವಷ್ಟರಲ್ಲಿ ಲೆಕ್ ಮೇಜಿನ ತುದಿಗೆ ಬಂದು ಕೂತಾಗಿತ್ತು. ಕೈಯಲ್ಲಿ ಮಾವಿನಕಾಯಿ ಹೋಳು, ಖಾರದುಪ್ಪು.

"ಹಸಿವಿಲ್ಲ."

"ಹಸಿವಿಲ್ದೆ ಇದ್ರೂ ಇದನ್ನ ತಿನ್ನಬಹುದು. ಪ್ಯಾಕಿಂಗ್‌ನವ್ರ ಮರದ್ದು, ಕದ್ದಿದ್ದು. ಕದ್ದದ್ದಕ್ಕೆ ರುಚಿ ಜಾಸ್ತಿ."

"ಸಭೇಲಿ ಚಪ್ಪಾಳೆ ಹೊಡೆಸ್ಕೊಂಡೋಳು ಮಾವಿನಕಾಯಿ ಕದೀತಾಳಾ?"

"ಅಯ್ಯೋ, ಅದನ್ನ ಹೇಳ್ಬೇಡಿ ಪಿ. ನಂಗೆ ನೆಲ ಬಾಯಿ ಬಿಡ್ಬಾರ್ದಾ ಅನ್ನಿಸ್ತು." ಲೆಕ್ ಒಂದು ಹೋಳನ್ನು ಉಪ್ಪಿಗೆ ಅದ್ದಿ ಇವಳ ಕೈಗೇ ಕೊಟ್ಟಳು. "ಮೋರಿವಾಕಿ-ಸಾನ್‌ಗೆ ನಾವಿಬ್ರೂ ಸೇರಿ ಒಂದು ಉತ್ತರ ಬರೆಯೋಣ್ವಾ? ಕೆಳಗೆ 'ಕುಂಗ್, ಕುಂಗ್' ಅಂತ ಹಾಕೋಣ. ಮುದುಕ ಗಲಿಬಿಲಿ ಆಗ್ಲಿ."

ಲೆಕ್ ತನಗೆ ಸಿಕ್ಕ ಹೊಗಳಿಕೆಯನ್ನು ಹೋಳು ಮಾಡಿ ಹಂಚುತ್ತಿದ್ದಳು, ಮಾವಿನಕಾಯಿಯ ಹಾಗೆ. ಅದು ಇವಳಿಗೆ ಚಪ್ಪಾಳೆಗಿಂತ ಹೆಚ್ಚು ಉರಿಯಿತು. ಬಚ್ಚಿಡುವವಳಾಗಿದ್ದರೆ, ಜಂಬ ಪಡುವವಳಾಗಿದ್ದರೆ ದ್ವೇಷಿಸುವುದು ಸುಲಭವಿತ್ತು.

"ನೀನೇ ಬರಿ. ನಿನ್ನ ಗಿರಾಕಿ ತಾನೆ ಈಗ," ಎಂದಳು ಯಾಯ್.

"ಕಲಿಸಿದೋರು ನೀವು," ಎಂದು ಲೆಕ್ ಎದ್ದು ಹೋದಳು. ದಾರಿಯಲ್ಲಿ ಯಾರೋ "ಕುಂಗ್!" ಎಂದರು. ಲೆಕ್ ತಿರುಗಿದಳು. ಯಾಯ್ ಸಹ ತಿರುಗಿದ್ದಳು. ಕರೆದವರು ಲೆಕ್‌ಳನ್ನು ನೋಡಿ ನಗುತ್ತಿದ್ದರು.

ಯಾಯ್ ಹಾವಿನ ಪತ್ರವೊಂದನ್ನೇ ಮತ್ತೆ ತೆರೆದು ಫಾರ್ವರ್ಡ್ ಒತ್ತಿದಳು. ಖುನ್ ಪ್ರಸಾನ್‌ನ ಹೆಸರು ಹಾಕಿದಳು. ಫಾರ್ವರ್ಡ್ ಮಾಡುವಾಗ ಹಳೆಯ ಪತ್ರದ ಮೈಯೊಳಗೂ ಕೈ ಹಾಕಬಹುದು ಎಂದು ಅವಳಿಗೆ ಗೊತ್ತಿತ್ತು. ಕೊನೆಗೆ ಹೋಗಿ 555 ಅಳಿಸಿದಳು. ಹಾವನ್ನು ತೆಗೆಯಲೇ ಎಂದು ಒಂದು ಗಳಿಗೆ ಯೋಚಿಸಿದಳು. ತೆಗೆಯಲಿಲ್ಲ. ಹಾವು ಚೆನ್ನಾಗಿತ್ತು. ಆ ಹಾವನ್ನು ತಾನು ನೋಡಬೇಕಿತ್ತು ಎನ್ನಿಸಿತು. ದೋಣಿ, ಎರಡು ಮೀಟರ್ ನೀರು, ಯಾರೂ ಇಲ್ಲದ ಆಫೀಸು, ಎಲ್ಲವೂ ತನ್ನ ಕಂಪ್ಯೂಟರಿನ ಮುಂದೆಯೇ ನಡೆದಿತ್ತು, ತಾನು ಕೊರಾಟ್‌ನಲ್ಲಿ ಅಳುತ್ತ ಕೂತಿದ್ದಾಗ.

ಮೇಲೆ ಬರೆದಳು: "ಖುನ್ ಪ್ರಸಾನ್, ಹಳೆಯ ಮೇಲ್‌ಗಳನ್ನು ನೋಡುವಾಗ ಇದು ಸಿಕ್ಕಿತು. ಮೋರಿವಾಕಿ-ಸಾನ್ ಹೇಳಿದ ಪತ್ರ ಇದೇ ಇರಬೇಕು." ಎರಡು ಸಲ ಓದಿದಳು. ಒಂದು ಸುಳ್ಳೂ ಇರಲಿಲ್ಲ. ಕಳಿಸಿದಳು.

ಬುಧವಾರ ಖುನ್ ಪ್ರಸಾನ್ ಮೆಟ್ಟಿಲ ಹತ್ತಿರ ಸಿಕ್ಕು, "ಕುಂಗ್ ಯಾಯ್, ನಾನು ತಪ್ಪು ತಿಳ್ಕೊಂಡಿದ್ದೆ. ಪತ್ರದಲ್ಲಿ ನಿಮ್ಮ ಹಳೇ ಹೆಸರು ನೋಡ್ದೆ. ಮೋರಿವಾಕಿ-ಸಾನ್‌ಗೂ ಅದನ್ನ ಕಳಿಸಿದ್ದೀನಿ, ಖುಷಿ ಪಡ್ಲಿ ಅಂತ," ಎಂದ. ಅವಳು ತಲೆ ಬಾಗಿಸಿದಳು. ಆ ಮಧ್ಯಾಹ್ನ ಎರಡು ತಟ್ಟೆ ಅನ್ನ ತಿಂದಳು.

ಗುರುವಾರ ಹತ್ತು ಗಂಟೆಗೆ ಅವನು ಇಬ್ಬರನ್ನೂ ಒಳಗೆ ಕರೆದ. ಅವನ ಮುಂದೆ ಒಂದು ಹಾಳೆ ಇತ್ತು. ಮುಖದಲ್ಲಿ ನಗುವೂ ಇತ್ತು, ಇನ್ನೇನೋ ಸಹ.

"ಮೊದಲು ಇದನ್ನ ಹೇಳಿ," ಎಂದ. "ನನ್ನ ಕುರ್ಚಿ ಮೇಲೆ ಹಾವಿತ್ತಾ? ಎಂಟು ವರ್ಷ ಒಬ್ರೂ ಬಾಯಿ ಬಿಡ್ಲಿಲ್ಲ?"

ಲೆಕ್‌ಗೆ ನಗು ತಡೆಯಲಾಗಲಿಲ್ಲ. "ಇತ್ತು, ಖುನ್. ನಿಮಗಿಂತ ಚೆನ್ನಾಗಿ ಕೂತಿತ್ತು."

ಹೇಳಿದ ಮೇಲೆ ಅವಳಿಗೆ ಹೊಳೆಯಿತು, ಪ್ರಸಾನ್ ಇದನ್ನು ಹೇಗೆ ತಿಳಿದ ಎಂದು. ಅವಳು ಯಾಯ್ ಕಡೆ ನೋಡಿದಳು. ಯಾಯ್ ಮೇಜಿನ ಮೇಲಿನ ಪೆನ್ನನ್ನು ನೋಡುತ್ತಿದ್ದಳು.

"ಮೋರಿವಾಕಿ-ಸಾನ್ ಉತ್ತರ ಬಂದಿದೆ." ಪ್ರಸಾನ್ ಹಾಳೆ ಎತ್ತಿಕೊಂಡ. "'ಪತ್ರವನ್ನು ಮತ್ತೆ ನೋಡಿ ಸಂತೋಷವಾಯಿತು. ಆದರೆ ಕೊನೆಯಲ್ಲಿದ್ದ 555 ಎಲ್ಲಿ ಹೋಯಿತು? ತಪ್ಪಾಗಿ ಬೆರಳು ತಾಗಿದ್ದು ಎಂದು ಆಗ ನನಗೆ ಉತ್ತರ ಬಂದಿತ್ತು. ನಾನು ನಂಬಿರಲಿಲ್ಲ. ಇಲ್ಲಿ ನಮ್ಮ ಗೋದಾಮಿನಲ್ಲಿ ಒಬ್ಬ ಥಾಯಿ ಹುಡುಗಿ ಇದ್ದಳು. ಮೊದಲ ಪತ್ರ ಬಂದ ದಿನವೇ ಅವಳನ್ನು ಕೇಳಿದ್ದೆ. ನಗು ಎಂದಳು. ಅಚ್ಚುಗಳ ಲೆಕ್ಕ ಯಾರು ಬೇಕಾದರೂ ಕೊಡುತ್ತಾರೆ. ಕೆಳಗೆ ಎರಡು ಮೀಟರ್ ನೀರು, ಪಕ್ಕದಲ್ಲಿ ಹಾವು, ಆಗಲೂ ನಗುವವರನ್ನು ಬಿಟ್ಟು ಹೋಗಬಾರದು ಎನಿಸಿತು. ಸಹಿ ಹಾಕದ್ದು ಆ ಮೂರು ಅಂಕಿಗಳಿಂದ.'"

ಪ್ರಸಾನ್ ಹಾಳೆಯನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಸವರಿದ. "ನನಗೆ ಬಂದದ್ರಲ್ಲಿ 555 ಇರ್ಲಿಲ್ಲ," ಎಂದ, ಯಾರ ಕಡೆಯೂ ನೋಡದೆ.

ಯಾಯ್ ಪೆನ್ನಿನಿಂದ ಕಣ್ಣು ತೆಗೆಯಲಿಲ್ಲ. ಪಕ್ಕದಲ್ಲಿ ಲೆಕ್ ಉಸಿರೆಳೆದುಕೊಂಡದ್ದು ಕೇಳಿಸಿತು. ಈಗ ಹೇಳುತ್ತಾಳೆ ಎಂದುಕೊಂಡಳು ಯಾಯ್. ಹೇಳಲಿ. ಅವಳ ಬಾಯಿಂದ ಕೆಟ್ಟ ಮಾತು ಒಂದಾದರೂ ಬರಲಿ.

"ಅದು ನಾನು ಪಿ ಕುಂಗ್ ಕಂಪ್ಯೂಟರಿಂದ ಬರ್ದಿದ್ದು, ಖುನ್," ಎಂದಳು ಲೆಕ್. "ಕಳಿಸೋವಾಗ ಬಿಟ್ಟು ಹೋಗಿರುತ್ತೆ. ಈ ಮೇಲ್ ಹಾಗೇ, ಒಂದೊಂದ್ಸಲ ಕೊನೇ ಸಾಲು ನುಂಗಿಬಿಡುತ್ತೆ."

ಯಾವ ಮೇಲ್ ಸಹ ಕೊನೆಯ ಸಾಲನ್ನು ನುಂಗುವುದಿಲ್ಲ. ಪ್ರಸಾನ್‌ಗೆ ಅದು ಗೊತ್ತಿತ್ತು. ಸಾಲು ನುಂಗಿದ ಮೇಲ್ ಅದರ ಕೆಳಗಿನ "ಕುಂಗ್" ಅನ್ನು ಬಿಟ್ಟಿತ್ತೆಂಬುದೂ ಗೊತ್ತಿತ್ತು.

"ಹೌದು ಹೌದು," ಎಂದ ಅವನು, ಬೇಗಬೇಗನೆ. "ಹಳೇ ಪ್ರೋಗ್ರಾಂ. ದಮ್‌ಗೆ ಹೇಳ್ಬೇಕು." ಆಮೇಲೆ ಇಬ್ಬರಿಗೂ ಚಹಾ ತರಿಸಿದ. ಮೂವರೂ ಹಾವಿನ ವಿಷಯ ಮಾತಾಡಿದರು. ಎಷ್ಟು ಉದ್ದ ಇತ್ತು, ಯಾವ ಜಾತಿ, ಯಾರು ಓಡಿಸಿದರು. ಯಾಯ್ ಎರಡು ಸಲ ನಕ್ಕಳು.

ಹೊರಗೆ ಬಂದ ಮೇಲೆ ಅವಳು ಲೆಕ್‌ಳನ್ನು ಕಾರಿಡಾರಿನಲ್ಲಿ ನಿಲ್ಲಿಸಿದಳು.

"ಯಾಕೆ ಹಾಗೆ ಹೇಳ್ದೆ?"

"ಮತ್ತೆ ಏನು ಹೇಳ್ಲಿ, ಪಿ?"

"ನಾನು ಅಳಿಸ್ದೆ ಅಂತ ಹೇಳ್ಬೇಕಿತ್ತು."

ಲೆಕ್ ಅವಳ ಮುಖ ನೋಡಿದಳು. ಈ ಸಲ ನಗಲಿಲ್ಲ. "ನಿಮಗೆ ಅದನ್ನ ಹೇಳ್ಬೇಕು ಅಂತ ಇದ್ದಿದ್ರೆ ಬಾಯಿ ನಿಮ್ಮ ಹತ್ರಾನೂ ಇತ್ತಲ್ವಾ?" ಎಂದು ತನ್ನ ಜಾಗಕ್ಕೆ ಹೋದಳು.

ಶುಕ್ರವಾರ ಲೆಕ್‌ಳ ಹೆಸರು ಹೇಳಿದರು. ಸೂಚನಾ ಫಲಕದ ಮೇಲೆ ಅವಳ ದಾಖಲೆಯ ಹೆಸರು ಉದ್ದಕ್ಕೆ ಬರೆದಿತ್ತು. ಅದು ಯಾರೆಂದು ಪ್ಯಾಕಿಂಗ್‌ನವರಿಗೂ ಗೊತ್ತಾಗಲಿ ಎಂದು, ಪಕ್ಕದಲ್ಲಿ ಪೆನ್ನಿನಲ್ಲಿ "ಕುಂಗ್" ಎಂದು ಸೇರಿಸಿದ್ದರು. ಲೆಕ್ ಎನ್ನುವುದನ್ನು ಹಾಕಿರಲಿಲ್ಲ.

ಎಲ್ಲರೂ ಅಲ್ಲಿ ಗದ್ದಲ ಮಾಡುತ್ತಿದ್ದಾಗ ಯಾಯ್ ತನ್ನ ಕಂಪ್ಯೂಟರಿನ ಮುಂದೆ ಕೂತು ಹುಡುಕುವ ಪೆಟ್ಟಿಗೆಯಲ್ಲಿ 555 ಎಂದು ಹೊಡೆದಳು. ಈಗ ಅವಳಿಗೆ ಹುಡುಕಲು ಬರುತ್ತಿತ್ತು. ಎಲ್ಲ ಫೋಲ್ಡರ್‌ಗಳು, ಎರಡೂ ಅಕೌಂಟ್‌ಗಳು, ಒಂಬತ್ತು ವರ್ಷ. ಲೆಕ್‌ಳಿಂದ ತನಗೆ ಬಂದವು ಸಾವಿರದ ನೂರ ನಲವತ್ತಮೂರು. ಪಿ, ಛತ್ರಿ ಮರೆತಿದ್ದೀರಿ 555. ಪಿ, ಇವತ್ತು ಕ್ಯಾಂಟೀನಿನ ಕೋಳಿ ನಮ್ಮಜ್ಜಿಗಿಂತ ಹಿರಿಯದು 555. ಪಿ, ಬೈಬೇಡಿ, ಲೇಬಲ್ ತಲೆಕೆಳಗೆ ಅಂಟಿಸಿದೆ 555.

ಪಟ್ಟಿಯನ್ನು ತಿರುಗಿಸಿ, ಕಳಿಸಿದವರ ಜಾಗದಲ್ಲಿ ತನ್ನ ಎರಡೂ ಹೆಸರು ಹಾಕಿದಳು. ಎರಡೇ ಎರಡು ಬಂದವು. ಒಂದು ಹಾವಿನ ಪತ್ರ. ಇನ್ನೊಂದು, 555 ತಪ್ಪಾಗಿ ಬಂದದ್ದು, ದಯವಿಟ್ಟು ಲಕ್ಷಿಸಬೇಡಿ ಎಂದದ್ದು.

ಆಗ ಪರದೆಯ ಮೂಲೆಯಲ್ಲಿ ಹೊಸ ಪತ್ರ ಬಂದು ಕೂತಿತು. "ಪಿ, ಸೋಮವಾರ ನಿಮ್ಮ ಮೇಜನ್ನ ನನ್ನ ಪಕ್ಕಕ್ಕೆ ಹಾಕಿಸ್ಲಾ? ಒಬ್ಳೇ ಕೂತ್ರೆ ಹಾವು ಬರುತ್ತೆ 555."

ನಿನ್ನೆ ಕಾರಿಡಾರಿನಲ್ಲಿ ಹಾಗೆ ಅಂದವಳು ಇವತ್ತು ಹೀಗೆ ಬರೆಯಬಲ್ಲಳು. ಈ ಜನ್ಮದಲ್ಲಿ ಅದು ತನಗೆ ಬರುವುದಿಲ್ಲ, ಯಾವ ಭಿಕ್ಷು ಎಷ್ಟು ಸಲ ಹೆಸರು ಬದಲಾಯಿಸಿದರೂ.

"ಬೇಡ," ಎಂದು ಹೊಡೆದು ಕಳಿಸಿದಳು. ಲೆಕ್‌ಳಿಂದ ಬಂದವುಗಳ ಪಟ್ಟಿಗೆ ಹಿಂತಿರುಗಿ ನೋಡಿದರೆ ಎಣಿಕೆ ಸಾವಿರದ ನೂರ ನಲವತ್ನಾಲ್ಕು ಆಗಿತ್ತು.